ಪತ್ತೇದಾರಿ ಓದಬೇಕು, ಆದರೆ ಯಾವುದು? ಬಂಗಾರಪೇಟೆ ರೈಲಿನಿಂದ ಒಂದು ಹೋಲಿಕೆ

ಬಂಗಾರಪೇಟೆಯಿಂದ ಬೆಂಗಳೂರಿಗೆ ದಿನಾ ರೈಲಿನಲ್ಲಿ ಓಡಾಡುವವರಿಗೆ ಮೂರೇ ಕಸುಬು. ನಿದ್ದೆ, ಹರಟೆ, ಮೊಬೈಲು. ನಾನು ಈ ಮೂರಕ್ಕೂ ಸೇರದವನು. ನನ್ನ ಕೈಯಲ್ಲಿ ಒಂದು ಪುಸ್ತಕ ಇರುತ್ತದೆ. ಅದರಲ್ಲಿ ಯಾರೋ ಒಬ್ಬರು ಸತ್ತು ಬಿದ್ದಿರುತ್ತಾರೆ. ಹಾಗಾಗಿ ನಮ್ಮ ಬೋಗಿಯಲ್ಲಿ ನನಗೆ 'ಕೊಲೆ ಅಣ್ಣ' ಅಂತಲೇ ಹೆಸರು.

ಹೋದ ತಿಂಗಳು ಒಂದೇ ವಾರದಲ್ಲಿ ಮೂರು ಜನ ಸಲಹೆ ಕೇಳಿದರು. ಮಾಲೂರಿನಲ್ಲಿ ಹತ್ತುವ ಸಾಫ್ಟ್‌ವೇರ್ ಹುಡುಗ, "ಅಣ್ಣಾ, ಒಂದು ಇಂಗ್ಲಿಷ್ ಥ್ರಿಲ್ಲರ್ ಹೇಳಿ. ಸ್ಟೇಷನ್ ಬಂದಿದ್ದೇ ಗೊತ್ತಾಗಬಾರದು" ಅಂದ. ಟೇಕಲ್‌ನ ಟೀಚರಮ್ಮ, "ರಕ್ತಗಿಕ್ತ ಬೇಡ ಸರ್, ತಲೆಗೆ ಕೆಲಸ ಕೊಡೋ ಅಂಥದ್ದು ಇದ್ರೆ ಹೇಳಿ" ಅಂದರು. ಮುಳಬಾಗಿಲಿನಿಂದ ನಮ್ಮತ್ತೆ ಫೋನ್ ಮಾಡಿ, "ರಾತ್ರಿ ನಿದ್ದೆ ಬರಲ್ಲ. ಏನಾದ್ರೂ ಒಂದು ಕಥೆ ಪುಸ್ತಕ ತಂದುಕೊಡಿ, ತೆಲುಗಾದ್ರೂ ಪರವಾಗಿಲ್ಲ" ಅಂದರು. ಮೂವರಿಗೂ ಒಂದೇ ಪುಸ್ತಕ ಕೊಟ್ಟಿದ್ದರೆ ಇಬ್ಬರಾದರೂ ಬೈಯುತ್ತಿದ್ದರು. ಮೂವರಿಗೂ ಹೇಳಿದ್ದನ್ನೇ ಸ್ವಲ್ಪ ಬಿಡಿಸಿ ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ನಿಮ್ಮನ್ನು ನೀವೇ ವಿಚಾರಣೆ ಮಾಡಿಕೊಳ್ಳಿ

ಪತ್ತೇದಾರಿ ಅಂತ ನಾವು ಒಟ್ಟಿಗೆ ಕರೆಯುವ ಪುಸ್ತಕಗಳು ಮೂರು ಬೇರೆ ಬೇರೆ ಪ್ರಶ್ನೆ ಇಟ್ಟುಕೊಂಡು ಹೊರಡುತ್ತವೆ. ಕೊಂದವರು ಯಾರು? ಯಾಕೆ ಕೊಂದರು? ಮುಂದೇನಾಗುತ್ತದೆ? 'ಯಾರು' ಅನ್ನುವುದು ಒಗಟು. 'ಯಾಕೆ' ಅನ್ನುವುದು ಮನಸ್ಸಿನ ವಿಷಯ. 'ಮುಂದೇನು' ಅನ್ನುವುದು ಓಟ. ಒಗಟು ಬೇಕಾದವರಿಗೆ ಓಟದ ಪುಸ್ತಕ ಕೊಟ್ಟರೆ "ಏನೂ ಬುದ್ಧಿವಂತಿಕೆ ಇಲ್ಲ" ಅಂತಾರೆ. ಓಟ ಬೇಕಾದವರಿಗೆ ಒಗಟು ಕೊಟ್ಟರೆ "ಬರೀ ಮಾತು, ಬೋರು" ಅಂತಾರೆ. ಇಬ್ಬರದೂ ತಪ್ಪಲ್ಲ.

ಎರಡನೆಯದು ಹೊತ್ತು. ಒಂದು ಸಲ ಕೂತರೆ ಎಷ್ಟು ಓದುತ್ತೀರಿ? ನನಗೆ ಸಿಗುವುದು ಒಂದೂವರೆ ಗಂಟೆ. ಅದೂ ವೈಟ್‌ಫೀಲ್ಡ್ ಆದಮೇಲೆ ನೂಕುನುಗ್ಗಲಿನಲ್ಲಿ ಪುಟ ತಿರುಗಿಸುವುದೇ ಕಷ್ಟ. ಇಪ್ಪತ್ತು ಹೆಸರು ನೆನಪಿಟ್ಟುಕೊಳ್ಳಬೇಕಾದ ಪುಸ್ತಕವನ್ನು ದಿನಕ್ಕೆ ಹತ್ತು ಪುಟ ಓದಿದರೆ, ಶುಕ್ರವಾರದ ಹೊತ್ತಿಗೆ ಯಾರು ಯಾರ ಹೆಂಡತಿ ಅನ್ನೋದೇ ಮರೆತಿರುತ್ತದೆ. ನಾನು 'ಸುಮಾರು' ಅಂತ ಪಕ್ಕಕ್ಕಿಟ್ಟ ಎಷ್ಟೋ ಪುಸ್ತಕಗಳನ್ನು ಆಮೇಲೆ ಒಂದು ಭಾನುವಾರ ಕೂತು ಓದಿ ನಾಚಿಕೆಪಟ್ಟಿದ್ದೇನೆ. ಕೆಟ್ಟಿದ್ದು ಪುಸ್ತಕ ಅಲ್ಲ, ನಾನು ಆರಿಸಿದ ಹೊತ್ತು.

ಮೂರನೆಯದು ಹೊಟ್ಟೆ. ಎಷ್ಟು ಹಿಂಸೆ ಅರಗುತ್ತದೆ? ಇದನ್ನು ಜನ ಹೇಳಿಕೊಳ್ಳುವುದಿಲ್ಲ. ಓದಿ ಎರಡು ದಿನ ಮಂಕಾಗಿ ಕೂತಮೇಲೆ ಗೊತ್ತಾಗುತ್ತದೆ.

ನಾಲ್ಕನೆಯದು ನ್ಯಾಯ. ಪತ್ತೇದಾರನಿಗೆ ಸಿಕ್ಕ ಸುಳಿವು ಓದುಗನಿಗೂ ಸಿಗಬೇಕು ಅಲ್ವಾ? ರೊನಾಲ್ಡ್ ನಾಕ್ಸ್ ಅನ್ನುವ ಇಂಗ್ಲಿಷ್ ಪಾದ್ರಿಯೊಬ್ಬರು 1929ರಲ್ಲಿ ಇದಕ್ಕೇ ಹತ್ತು ಕಟ್ಟಳೆ ಬರೆದಿದ್ದರು. ದೆವ್ವ ಬಂದು ಕೊಲೆ ಬಿಡಿಸಬಾರದು, ಗುಪ್ತ ದಾರಿ ಒಂದಕ್ಕಿಂತ ಜಾಸ್ತಿ ಇರಬಾರದು, ಪತ್ತೇದಾರನೇ ಕೊಲೆಗಾರ ಆಗಬಾರದು, ಹೀಗೆ. ಪಾದ್ರಿಗಳೇ ದೆವ್ವಕ್ಕೆ ಬಾಗಿಲು ಹಾಕಿದ್ದು ನನಗೆ ಬಹಳ ಇಷ್ಟ. ನಿಮಗೆ ಈ ನ್ಯಾಯ ಮುಖ್ಯವೋ, ಇಲ್ಲ ಮೋಸ ಮಾಡಿದರೂ ಪರವಾಗಿಲ್ಲ, ಮಜಾ ಸಿಗಲಿ ಅಂತೀರೋ, ಅದನ್ನು ಮೊದಲೇ ನೋಡಿಕೊಳ್ಳಿ. ದುಡ್ಡಿನ ವಿಷಯಕ್ಕೆ ಕೊನೆಗೆ ಬರುತ್ತೇನೆ.

ಹೋಮ್ಸ್: ಒಂದು ಪ್ರಯಾಣಕ್ಕೆ ಒಂದು ಕಥೆ

ರೈಲಿನವರಿಗೆ ನಾನು ಮೊದಲು ಹೇಳುವುದು ಆರ್ಥರ್ ಕಾನನ್ ಡಾಯ್ಲ್. 1887ರಲ್ಲಿ ಶುರುವಾದ ಅವರ ಪತ್ತೇದಾರ ಶರ್ಲಾಕ್ ಹೋಮ್ಸ್‌ಗೆ ನಾಲ್ಕು ಕಾದಂಬರಿ, 56 ಸಣ್ಣಕಥೆ ಇವೆ. ಆ 56ರಲ್ಲೇ ಇರುವುದು ಮಜಾ. ಒಂದು ಕಥೆ ಬಂಗಾರಪೇಟೆಯಲ್ಲಿ ಹಿಡಿದರೆ ದೇವನಗೊಂದಿ ದಾಟುವಷ್ಟರಲ್ಲಿ ಮುಗಿದಿರುತ್ತದೆ. ನಾಳೆ ಹೊಸ ಕಥೆ. ಯಾವ ಹೆಸರನ್ನೂ ನೆನಪಿಟ್ಟುಕೊಳ್ಳಬೇಕಾಗಿಲ್ಲ.

ನ್ಯಾಯದ ಲೆಕ್ಕದಲ್ಲಿ ಮಾತ್ರ ಹೋಮ್ಸ್ ಪಾಸಾಗುವುದಿಲ್ಲ. ಬೂಟಿನ ಕೆಸರು ನೋಡಿ ಅವನಿಗೆ ಗೊತ್ತಾದದ್ದು ನಮಗೆ ಗೊತ್ತಾಗಲು ದಾರಿಯೇ ಇರುವುದಿಲ್ಲ. ನಾವು ಅವನ ಗೆಳೆಯ ವ್ಯಾಟ್ಸನ್ ಪಕ್ಕದಲ್ಲಿ ಬಾಯಿ ಬಿಟ್ಟುಕೊಂಡು ಕೂರಬೇಕು, ಅಷ್ಟೆ. ಅದು ಇಷ್ಟವಾದರೆ ಇದಕ್ಕಿಂತ ಒಳ್ಳೆಯ ಜೊತೆ ಇಲ್ಲ. ಇಂಗ್ಲಿಷ್ ಮಾತ್ರ ಹಳೇ ಕಾಲದ್ದು. ಮೊದಲ ಮೂರು ಕಥೆ ನಿಧಾನವಾಗಿ ಹೋಗುತ್ತದೆ, ಆಮೇಲೆ ಅಭ್ಯಾಸವಾಗುತ್ತದೆ.

ಇದೇ ಜಾತಿಯಲ್ಲಿ ನಮ್ಮ ದೇಶದ್ದೇ ಬೇಕು ಅಂದರೆ ಬಂಗಾಳಿಗಳ ಹತ್ತಿರ ಎರಡು ರತ್ನ ಇವೆ. ಶರದಿಂದು ಬಂದ್ಯೋಪಾಧ್ಯಾಯರು 1932ರಲ್ಲಿ ಶುರು ಮಾಡಿದ ಬ್ಯೋಮಕೇಶ್ ಬಕ್ಷಿ, ಸತ್ಯಜಿತ್ ರಾಯ್ 1965ರಲ್ಲಿ ಮಕ್ಕಳ ಪತ್ರಿಕೆಗೆ ಬರೆಯಲು ಶುರು ಮಾಡಿದ ಫೆಲುದಾ. ಬ್ಯೋಮಕೇಶನಿಗೆ ಮದುವೆಯಾಗುತ್ತದೆ, ಸಂಸಾರ ಇರುತ್ತದೆ, ಕಥೆಗಳಲ್ಲಿ ದೊಡ್ಡವರ ಪಾಪಗಳೂ ಇರುತ್ತವೆ. ಫೆಲುದಾನನ್ನು ಹೈಸ್ಕೂಲ್ ಮಕ್ಕಳ ಕೈಗೆ ಕಣ್ಣುಮುಚ್ಚಿ ಕೊಡಬಹುದು. ಎರಡೂ ಇಂಗ್ಲಿಷ್‌ನಲ್ಲಿ ಸಿಗುತ್ತವೆ, ಭಾಷೆಯೂ ಸುಲಭ.

ಅಗಾಥಾ ಕ್ರಿಸ್ಟಿ: ಟೀಚರಮ್ಮನಿಗೆ ಹೇಳಿದ್ದು

ಕ್ರಿಸ್ಟಿಯನ್ನು ನನಗೆ ಪರಿಚಯ ಮಾಡಿಸಿದವರು ಕೆಜಿಎಫ್‌ನ ಒಬ್ಬ ಹಿರಿಯರು. ಚಿನ್ನದ ಗಣಿಯಲ್ಲಿ ಕೆಲಸ ಮಾಡುತ್ತಿದ್ದರು. 2001ರಲ್ಲಿ ಗಣಿ ಮುಚ್ಚಿದಮೇಲೆ ಮನೆಯಲ್ಲೇ ಇದ್ದರು. ಅಲ್ಲಿಯ ಹಳಬರಿಗೆ ಇಂಗ್ಲಿಷ್ ಪುಸ್ತಕದ ರೂಢಿ ಜಾಸ್ತಿ. ಅವರು ಒಂದು ಹಳೇ ಪೇಪರ್‌ಬ್ಯಾಕ್ ಕೈಗಿಟ್ಟು, "ಕೊನೆ ಪುಟ ನೋಡಿದ್ರೆ ಮನೆಗೆ ಬರಬೇಡ" ಅಂದಿದ್ದರು.

ಕ್ರಿಸ್ಟಿ ಬರೆದ ಪತ್ತೇದಾರಿ ಕಾದಂಬರಿಗಳು 66. ಮೊದಲನೆಯದು 1920ರದ್ದು. ಮೊದಲ ಮಹಾಯುದ್ಧದ ಕಾಲದಲ್ಲಿ ಆಕೆ ಆಸ್ಪತ್ರೆಯ ಔಷಧಿ ವಿಭಾಗದಲ್ಲಿ ಕೆಲಸ ಮಾಡಿದ್ದರು. ಯಾವ ಔಷಧಿ ಎಷ್ಟು ಹಾಕಿದರೆ ಮದ್ದು, ಎಷ್ಟು ಹಾಕಿದರೆ ವಿಷ ಅನ್ನುವುದನ್ನು ಅಲ್ಲಿ ಕಲಿತರು. ಆಕೆಯ ಪುಸ್ತಕಗಳಲ್ಲಿ ಚಾಕುವಿಗಿಂತ ಚಹಾದ ಕಪ್ಪು ಅಪಾಯಕಾರಿ ಆಗಿರುವುದು ಇದಕ್ಕೇ. ರಕ್ತ ಕಡಿಮೆ. ಸತ್ತವರ ಬಗ್ಗೆ ಯಾರೂ ಜಾಸ್ತಿ ಅಳುವುದೂ ಇಲ್ಲ. ಹೆಣ ಬೀಳುತ್ತದೆ, ಎಲ್ಲರೂ ಹಜಾರದಲ್ಲಿ ಸೇರುತ್ತಾರೆ, ಮಾತು ಶುರುವಾಗುತ್ತದೆ.

ಆ ಮಾತಿನಲ್ಲೇ ಎಲ್ಲ ಇದೆ. ಕೊಲೆಗಾರನ ಗುಟ್ಟು ಬಯಲು ಮಾಡುವ ವಾಕ್ಯ ಮೂವತ್ತನೇ ಪುಟದಲ್ಲೇ ನಿಮ್ಮ ಕಣ್ಣೆದುರು ಹಾದುಹೋಗಿರುತ್ತದೆ. ನೀವು ಆಗ ಅಡುಗೆಯವಳ ಕಳ್ಳ ನೋಟ ನೋಡುತ್ತಿರುತ್ತೀರಿ. ಮುಗಿದಮೇಲೆ ಹಿಂದಕ್ಕೆ ತಿರುಗಿಸಿ ಆ ವಾಕ್ಯ ಹುಡುಕುವ ಸುಖ ಬೇರೆ ಯಾರ ಪುಸ್ತಕದಲ್ಲೂ ನನಗೆ ಸಿಕ್ಕಿಲ್ಲ. 1926ರಲ್ಲಿ ಬಂದ 'ದಿ ಮರ್ಡರ್ ಆಫ್ ರೋಜರ್ ಆಕ್ರಾಯ್ಡ್' ಓದಿ ಮೋಸ ಅಂದವರೂ ಇದ್ದಾರೆ, ಇದೇ ಶ್ರೇಷ್ಠ ಅಂದವರೂ ಇದ್ದಾರೆ. ನಾನು ಎರಡನೇ ಗುಂಪು. ಆದರೆ ಅದನ್ನೇ ಮೊದಲು ಓದಬೇಡಿ. ಎರಡು ಮೂರು ಕ್ರಿಸ್ಟಿ ಓದಿ, ಆಕೆಯ ರೀತಿ ಗೊತ್ತಾದಮೇಲೆ ಕೈಗೆತ್ತಿಕೊಂಡರೆ ಏಟು ಸರಿಯಾಗಿ ಬೀಳುತ್ತದೆ. ಮೊದಲಿಗೆ 1939ರ 'ಆಂಡ್ ದೆನ್ ದೇರ್ ವರ್ ನನ್' ಸಾಕು. ಒಂದು ದ್ವೀಪ, ಹತ್ತು ಜನ, ಒಬ್ಬೊಬ್ಬರಾಗಿ ಕಡಿಮೆಯಾಗುತ್ತಾರೆ.

ಕೊರತೆ ಇಲ್ಲವೇ ಅಂದರೆ ಇದೆ. ಪಾತ್ರಗಳು ಜಾಸ್ತಿ, ಎಲ್ಲರ ಹೆಸರೂ ನಮ್ಮ ಕಿವಿಗೆ ಒಂದೇ ಥರ. ನಾನು ಸೀಸನ್ ಪಾಸಿನ ಕವರಿನಲ್ಲಿ ಒಂದು ಚೀಟಿ ಇಟ್ಟುಕೊಂಡು ಯಾರು ಯಾರಿಗೆ ಏನಾಗಬೇಕು ಅಂತ ಬರೆದುಕೊಳ್ಳುತ್ತಿದ್ದೆ. ದಿನಕ್ಕೆ ಹತ್ತು ಪುಟ ಓದುವವರಿಗೆ ಕ್ರಿಸ್ಟಿ ಬೇಡ. ಎರಡು ದಿನ ರಜೆ ಇದ್ದಾಗ ಹಿಡಿಯಿರಿ.

ಕೊಲೆಗಾರ ಯಾರು ಅಂತ ಮೊದಲೇ ಹೇಳಿಬಿಟ್ಟರೆ?

ಜಪಾನಿನ ಕೀಗೊ ಹಿಗಾಶಿನೊ ಮಾಡಿದ್ದು ಇದನ್ನೇ. 'ದಿ ಡಿವೋಷನ್ ಆಫ್ ಸಸ್ಪೆಕ್ಟ್ ಎಕ್ಸ್' ಜಪಾನಿನಲ್ಲಿ 2005ರಲ್ಲಿ, ಇಂಗ್ಲಿಷ್‌ಗೆ 2011ರಲ್ಲಿ ಬಂತು. ಅಲ್ಲಿಯ ದೊಡ್ಡ ಗೌರವವಾದ ನಾವೊಕಿ ಪ್ರಶಸ್ತಿ ಪಡೆದ ಪುಸ್ತಕ. ಕಾಟ ಕೊಡುವ ಮಾಜಿ ಗಂಡನನ್ನು ಒಬ್ಬ ತಾಯಿ ಕೊಲ್ಲುತ್ತಾಳೆ. ಪಕ್ಕದ ಮನೆಯ ಗಣಿತದ ಮೇಷ್ಟ್ರು ಮುಚ್ಚಿಹಾಕಲು ಸಹಾಯಕ್ಕೆ ಬರುತ್ತಾರೆ. ಇಷ್ಟೂ ಶುರುವಿನಲ್ಲೇ ಗೊತ್ತಾಗುತ್ತದೆ. ಹಾಗಾದರೆ ಇನ್ನೇನು ಉಳಿಯಿತು ಅಂತೀರಾ? ಬಹಳ ಉಳಿದಿದೆ. ಹಿಗಾಶಿನೊ ಮೊದಲು ಇಂಜಿನಿಯರ್ ಆಗಿದ್ದವರು. ಪುಸ್ತಕವೂ ಹಾಗೇ ಇದೆ, ಒಂದು ನಟ್ಟೂ ಸಡಿಲ ಇಲ್ಲ.

'ಯಾರು' ಬೇಡ, 'ಯಾಕೆ', 'ಹೇಗೆ' ಬೇಕು ಅನ್ನುವವರಿಗೆ ಇದಕ್ಕಿಂತ ಒಳ್ಳೆಯ ಶುರು ನನಗೆ ಗೊತ್ತಿಲ್ಲ. ಪಾತ್ರಗಳು ಕಡಿಮೆ, ವಾಕ್ಯ ಚಿಕ್ಕವು, ಇಂಗ್ಲಿಷ್ ಅನುವಾದ ಸರಳ. ಪಿಯುಸಿ ಓದಿದ ಹುಡುಗ ನಿಘಂಟು ಇಲ್ಲದೆ ಓದಬಹುದು. ಮಾಲೂರಿನ ಹುಡುಗನಿಗೆ ನಾನು ಕೊಟ್ಟಿದ್ದು ಇದನ್ನೇ. ಮೂರನೇ ದಿನ ಕೆ.ಆರ್.ಪುರದಲ್ಲಿ ಇಳಿಯಬೇಕಾದವನು ಕಂಟೋನ್ಮೆಂಟ್‌ವರೆಗೆ ಹೋಗಿದ್ದ.

ಈಗಿನ ಕಾಲದ ಹೆಚ್ಚು ಮಾರಾಟದ ಥ್ರಿಲ್ಲರ್‌ಗಳಲ್ಲಿ ಎರಡರ ಬಗ್ಗೆ ಎಚ್ಚರ ಹೇಳಬೇಕು. ಗಿಲಿಯನ್ ಫ್ಲಿನ್ ಅವರ 'ಗಾನ್ ಗರ್ಲ್' (2012) ಗಂಡ ಹೆಂಡತಿ ಸರದಿ ಮೇಲೆ ಹೇಳುವ ಕಥೆ. ಐದನೇ ಮದುವೆ ವಾರ್ಷಿಕೋತ್ಸವದ ದಿನ ಹೆಂಡತಿ ಕಾಣೆಯಾಗುತ್ತಾಳೆ. ಬರವಣಿಗೆ ಚೂಪು, ತಿರುವು ಭಾರಿ. ಆದರೆ ಒಳ್ಳೆಯವರು ಅಂತ ಹಿಡಿದುಕೊಳ್ಳಲು ಒಬ್ಬರೂ ಸಿಗುವುದಿಲ್ಲ. ಹೊಸದಾಗಿ ಮದುವೆಯಾದವರಿಗೆ ಉಡುಗೊರೆ ಕೊಡಬೇಡಿ. ಇನ್ನೊಂದು ಸ್ವೀಡನ್ನಿನ ಸ್ಟೀಗ್ ಲಾರ್ಸನ್ ಅವರ 'ದಿ ಗರ್ಲ್ ವಿತ್ ದಿ ಡ್ರ್ಯಾಗನ್ ಟ್ಯಾಟೂ'. ಲೇಖಕರು 2004ರಲ್ಲಿ ತೀರಿಕೊಂಡರು, ಪುಸ್ತಕ ಬಂದದ್ದು 2005ರಲ್ಲಿ. ಮೊದಲ ನೂರು ಪುಟ ಕಂಪನಿ ವ್ಯವಹಾರದಲ್ಲೇ ತೆವಳುತ್ತದೆ. ಆಮೇಲೆ ಹೆಂಗಸರ ಮೇಲಿನ ಹಿಂಸೆಯ ದೃಶ್ಯಗಳು ಬರುತ್ತವೆ. ನಾನು ಒಂದು ಕಡೆ ಪುಸ್ತಕ ಮುಚ್ಚಿ ಕಿಟಕಿ ಹೊರಗೆ ನೋಡುತ್ತಾ ಕೂತೆ. ಗಟ್ಟಿ ಪುಸ್ತಕ, ನಿಜ. ನಿಮ್ಮ ಹೊಟ್ಟೆ ಗಟ್ಟಿ ಇದ್ದರೆ ಮಾತ್ರ.

ಕನ್ನಡದಲ್ಲೇ ಬೇಕು ಅಂದರೆ

ಇಲ್ಲಿ ಸ್ವಲ್ಪ ಜಾಸ್ತಿ ಮಾತಾಡುತ್ತೇನೆ, ಕ್ಷಮಿಸಿ.

ನಮ್ಮ ತಂದೆ ತಲೆಮಾರಿನವರಿಗೆ ಪತ್ತೇದಾರಿ ಅಂದರೆ ಎನ್. ನರಸಿಂಹಯ್ಯ. ಶಾಲೆಯಲ್ಲಿ ಓದಿದ್ದು ನಾಲ್ಕನೇ ತರಗತಿವರೆಗೆ. ಬರೆದದ್ದು ಐನೂರಕ್ಕೂ ಹೆಚ್ಚು ಕಾದಂಬರಿ. ಅವರ ಪತ್ತೇದಾರ ಪುರುಷೋತ್ತಮನಿಗಾಗಿಯೇ ಕನ್ನಡ ಓದುವ ಚಟ ಹತ್ತಿಸಿಕೊಂಡವರು ನಮ್ಮ ಕಡೆ ಬಹಳ ಜನ. ಮ. ರಾಮಮೂರ್ತಿಯವರೂ ಅದೇ ಸಾಲಿನವರು. ನಾವು ನವೆಂಬರ್‌ನಲ್ಲಿ ಹಾರಿಸುವ ಹಳದಿ ಕೆಂಪು ಬಾವುಟ ರೂಪಿಸಿದವರು ಅವರೇ ಅನ್ನುವುದು ಎಷ್ಟೋ ಜನಕ್ಕೆ ಗೊತ್ತಿಲ್ಲ. ಇವರ ಪುಸ್ತಕಗಳನ್ನು ಇವತ್ತು ಓದಿದರೆ ಒಗಟು ಸಡಿಲ ಅನ್ನಿಸುತ್ತದೆ, ಕಾಕತಾಳೀಯ ಜಾಸ್ತಿ. ಆದರೆ ಓಟ ಇದೆ. ಪುಟ ಕಡಿಮೆ, ಭಾಷೆ ಬೆಣ್ಣೆ. ಓದುವ ಅಭ್ಯಾಸವೇ ತಪ್ಪಿಹೋಗಿರುವವರು ಮತ್ತೆ ಶುರು ಮಾಡಲು ಹೇಳಿ ಮಾಡಿಸಿದ ಹಾಗಿವೆ. ಸಿಗುವುದು ಮಾತ್ರ ಕಷ್ಟ. ಹಳೇ ಪುಸ್ತಕದ ಅಂಗಡಿಯಲ್ಲೇ ಹುಡುಕಬೇಕು.

ಸುಲಭವಾಗಿ ಸಿಗುವ, ಎರಡನೇ ಸಲ ಓದಿದರೂ ಸಪ್ಪೆಯಾಗದ ಪುಸ್ತಕ ಬೇಕೆಂದರೆ ಪೂರ್ಣಚಂದ್ರ ತೇಜಸ್ವಿಯವರ 'ಜುಗಾರಿ ಕ್ರಾಸ್'. ಏಲಕ್ಕಿ ಮಾರಲು ಹೊರಟ ಗಂಡ ಹೆಂಡತಿ ಕಳ್ಳಸಾಗಣೆಯ ಜಾಲದೊಳಗೆ ಕಾಲಿಡುತ್ತಾರೆ. ಸುಮಾರು ಒಂದು ದಿನದಲ್ಲಿ ನಡೆದು ಮುಗಿಯುವ ಕಥೆ. ಅದರಲ್ಲಿ ರೈಲೂ ಇದೆ. ಹಾಗಾಗಿ ರೈಲಿನಲ್ಲಿ ಓದುವವರಿಗೆ ಒಂದು ಚೂರು ಜಾಸ್ತಿ ಭಯ. ಅವರದೇ 'ಚಿದಂಬರ ರಹಸ್ಯ' (1985) ಬೇರೆ ಥರ. ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂದ ಪುಸ್ತಕ. ಕೆಸರೂರಿಗೆ ಒಬ್ಬ ಪತ್ತೇದಾರ ಬರುತ್ತಾನೆ ನಿಜ. ಆದರೆ ರಹಸ್ಯ ಬಿಡಿಸುವುದಕ್ಕಿಂತ ಊರನ್ನು ಬಿಡಿಸಿ ತೋರಿಸುವುದೇ ಜಾಸ್ತಿ. ಕೊನೆಯಲ್ಲಿ ಎಲ್ಲ ಗಂಟೂ ಬಿಚ್ಚಲೇಬೇಕು ಅನ್ನುವ ಹಟ ಇದ್ದರೆ 'ಜುಗಾರಿ ಕ್ರಾಸ್' ಆರಿಸಿ. ಊರಿನ ಜಾತಿ, ರಾಜಕೀಯ, ಹುಂಬತನ ಎಲ್ಲ ನೋಡಿ ನಗುತ್ತಾ ನಗುತ್ತಾ ಹೆದರಬೇಕಿದ್ದರೆ 'ಚಿದಂಬರ ರಹಸ್ಯ'.

ಇನ್ನೊಬ್ಬರು ನಮ್ಮ ಕೋಲಾರ ಜಿಲ್ಲೆಯವರೇ, ಕೆ.ಎನ್. ಗಣೇಶಯ್ಯ. ಕೃಷಿ ವಿಜ್ಞಾನಿ. ಇವರ ಕಾದಂಬರಿಗಳಲ್ಲಿ ಕೊಲೆಗಿಂತ ಇತಿಹಾಸವೇ ದೊಡ್ಡ ರಹಸ್ಯ. 'ಕನಕ ಮುಸುಕು' ತಗೊಳ್ಳಿ. ಹೊಯ್ಸಳ ದೇವಸ್ಥಾನದ ಶಿಲ್ಪಗಳ ಕೈಯಲ್ಲಿ ಮುಸುಕಿನ ಜೋಳದ ತೆನೆಯಂತೆ ಕಾಣುವುದು ಏನು ಅನ್ನುವ ಪ್ರಶ್ನೆಯಿಂದ ಥ್ರಿಲ್ಲರ್ ಹೊರಡುತ್ತದೆ. ನಡುನಡುವೆ ಚಿತ್ರ, ಆಧಾರ, ಟಿಪ್ಪಣಿ. ಅದು ಕೆಲವರಿಗೆ ಹಬ್ಬ. ನನ್ನ ಹೆಂಡತಿಗೆ ಮಾತ್ರ ಪಾಠದ ಪುಸ್ತಕ. ಪಾತ್ರಗಳ ಒಳಮನಸ್ಸು ಹುಡುಕುವವರಿಗೆ ಇಲ್ಲಿ ಕೈಗೆ ಸಿಗುವುದು ಕಡಿಮೆ. ದೇವಸ್ಥಾನ ನೋಡಲು ಹೋದಾಗ ಗೈಡಿನ ಹಿಂದೆಯೇ ಸುತ್ತಿ ಪ್ರಶ್ನೆ ಕೇಳುವ ಜಾತಿ ನೀವಾಗಿದ್ದರೆ ಕಣ್ಣುಮುಚ್ಚಿ ಕೊಳ್ಳಿ.

ಅತ್ತೆಯವರಿಗೆ ಏನು ಕೊಟ್ಟೆ ಅಂತ ಕೇಳ್ತೀರಾ? ತೆಲುಗಾದ್ರೂ ಪರವಾಗಿಲ್ಲ ಅಂದಿದ್ದರಲ್ಲ, ತೆಲುಗಿನ ಯಂಡಮೂರಿ ವೀರೇಂದ್ರನಾಥ್ ಅವರ 'ತುಳಸಿದಳ'. ಗಡಿ ಭಾಗದ ನಮಗೆ ಇದೊಂದು ಲಾಭ. ತೆಲುಗು ಓದಲು ಬಂದರೆ ಮೂಲದಲ್ಲೇ ಓದಬಹುದು, ಬರದಿದ್ದರೆ ಕನ್ನಡ ಅನುವಾದ ಇದೆ. ಅದು ಕನ್ನಡದಲ್ಲಿ 1985ರಲ್ಲಿ ಸಿನಿಮಾ ಕೂಡ ಆಯಿತು. ನಿರ್ದೇಶಕರು ವೇಮಗಲ್ ಜಗನ್ನಾಥರಾವ್, ಹೆಸರಿನಲ್ಲೇ ನಮ್ಮ ವೇಮಗಲ್ ಇದೆ. ಚಿಕ್ಕ ಹುಡುಗಿಯ ಮೇಲೆ ಮಾಟ ಮಾಡಿಸುವ ಕಥೆ. ಪಾದ್ರಿ ನಾಕ್ಸ್ ಓದಿದ್ದರೆ ಮೊದಲ ಅಧ್ಯಾಯಕ್ಕೇ ಎದ್ದು ಹೋಗುತ್ತಿದ್ದರು. ನ್ಯಾಯ ಗೀಯ ಇಲ್ಲಿ ಕೇಳಬಾರದು. ಭಯ ಬೇಕೋ, ಬೇಡವೋ? ಬೇಕಾದರೆ ಇಲ್ಲಿದೆ. ನಿದ್ದೆ ಬರಲ್ಲ ಅಂದವರಿಗೆ ಇದನ್ನು ಕೊಟ್ಟಿದ್ದು ನನ್ನದೇ ತಪ್ಪು. ಅತ್ತೆ ಈಗ ರಾತ್ರಿ ಹಜಾರದ ದೀಪ ಆರಿಸುವುದಿಲ್ಲ. ಆದರೂ ಇನ್ನೊಂದು ತಂದುಕೊಡಿ ಅಂತಿದ್ದಾರೆ.

ನಿಜವಾದ ಅಪರಾಧಗಳ ಮೇಲೆ ಬರೆದ ಪುಸ್ತಕಗಳೂ ಕನ್ನಡದಲ್ಲಿವೆ. ರವಿ ಬೆಳಗೆರೆಯವರ 'ಭೀಮಾತೀರದ ಹಂತಕರು' ಅಂಥದ್ದು. ಬರವಣಿಗೆಯ ವೇಗಕ್ಕೆ ಓದಬಹುದು. ಸತ್ತವರು ನಿಜವಾಗಿಯೂ ಸತ್ತವರು ಅನ್ನುವುದು ನೆನಪಾದಾಗ ನನಗೆ ಒಗಟಿನ ಖುಷಿ ಬರುವುದಿಲ್ಲ, ಹಾಗಾಗಿ ಜಾಸ್ತಿ ಹೇಳುವುದಿಲ್ಲ.

ದುಡ್ಡು

ಖರ್ಚೇ ಬೇಡ ಅಂದರೆ ಹೋಮ್ಸ್. ಡಾಯ್ಲ್ ತೀರಿಕೊಂಡದ್ದು 1930ರಲ್ಲಿ, ಕಾಪಿರೈಟ್ ಅವಧಿ ಎಂದೋ ಮುಗಿದಿದೆ. ಪ್ರಾಜೆಕ್ಟ್ ಗುಟೆನ್‌ಬರ್ಗ್ ಅನ್ನುವ ಉಚಿತ ಪುಸ್ತಕಗಳ ವೆಬ್‌ಸೈಟಿನಿಂದ ಫೋನಿಗೇ ಇಳಿಸಿಕೊಳ್ಳಬಹುದು, ಕಳ್ಳ ಪಿಡಿಎಫ್ ಹುಡುಕುವ ಪಾಪ ಬೇಡ. ಕ್ರಿಸ್ಟಿಗೆ ಹೊಸ ಪ್ರತಿ ಕೊಳ್ಳುವುದು ದಂಡ ಅನ್ನುತ್ತೇನೆ. ಒಮ್ಮೆ ಓದಿ ಗುಟ್ಟು ಗೊತ್ತಾದರೆ ಮತ್ತೆ ತೆಗೆಯುವುದು ಎಷ್ಟೋ ವರ್ಷಕ್ಕೆ. ಬೆಂಗಳೂರಿನ ಚರ್ಚ್ ಸ್ಟ್ರೀಟ್‌ನ ಹಳೇ ಪುಸ್ತಕದ ಅಂಗಡಿಗಳಲ್ಲಿ ಕ್ರಿಸ್ಟಿ ಸಾಲುಸಾಲಾಗಿ ಸಿಗುತ್ತದೆ. ತೇಜಸ್ವಿ, ಗಣೇಶಯ್ಯ ಹೊಸದೇ ಕೊಳ್ಳಿ. ಮನೆಯಲ್ಲಿ ನಾಲ್ಕು ಜನ ಓದುತ್ತಾರೆ, ನೆಂಟರು ಒಯ್ದು ವಾಪಸ್ ಕೊಡುವುದಿಲ್ಲ, ದುಡ್ಡು ಹುಟ್ಟಿತು ಅಂದುಕೊಳ್ಳಿ. ಹಿಗಾಶಿನೊ ಇ-ಪುಸ್ತಕವಾಗಿ ಚೆನ್ನ. ರೈಲಿನಲ್ಲಿ ನಿಂತುಕೊಂಡು ಒಂದು ಕೈಯಲ್ಲಿ ಓದಬಹುದು.

ಇನ್ನು ಗ್ರಂಥಾಲಯ. ಕಡಿಮೆ ಖರ್ಚಿನ ದಾರಿ, ಆದರೆ ಪತ್ತೇದಾರಿಗೆ ಒಂದು ಅಪಾಯ ಇದೆ. ಕಾಲೇಜಿನ ದಿನಗಳಲ್ಲಿ ಒಂದು ಗ್ರಂಥಾಲಯದಿಂದ ಹಳೇ ಕಾದಂಬರಿಯೊಂದನ್ನು ತಂದಿದ್ದೆ. ಹನ್ನೆರಡನೇ ಪುಟದಲ್ಲಿ ಯಾರೋ ಪುಣ್ಯಾತ್ಮರು ಪೆನ್ಸಿಲ್‌ನಲ್ಲಿ ಅಡುಗೆಭಟ್ಟನ ಹೆಸರಿನ ಕೆಳಗೆ ಗೆರೆ ಎಳೆದು, 'ಇವನೇ ಕೊಂದಿದ್ದು' ಅಂತ ಬರೆದಿದ್ದರು. ಮೈಯೆಲ್ಲ ಉರಿಯಿತು. ಮಾರನೇ ದಿನವೇ ವಾಪಸ್ ಕೊಟ್ಟೆ.

ಹದಿನೈದು ವರ್ಷ ಆದಮೇಲೆ ಹೋದ ದಸರಾ ರಜೆಯಲ್ಲಿ ಅದೇ ಗ್ರಂಥಾಲಯಕ್ಕೆ ಹೋಗಿದ್ದೆ. ಅದೇ ಪ್ರತಿ ಇತ್ತು. ಪೆನ್ಸಿಲ್ ಅಕ್ಷರವೂ ಇತ್ತು. ಈ ಸಲ ಹಟ ಹಿಡಿದು ಪೂರ್ತಿ ಓದಿದೆ. ಮುಕ್ಕಾಲು ಪುಸ್ತಕ ಆಗುವಷ್ಟರಲ್ಲಿ ಆ ಅಡುಗೆಭಟ್ಟ ತಾನೇ ಕೊಲೆಯಾಗಿ ಬಿದ್ದಿದ್ದ. ಕೊಂದವರು ಬೇರೆ. ಬರೆದ ಪುಣ್ಯಾತ್ಮರು ಹನ್ನೆರಡನೇ ಪುಟದಲ್ಲಿ ಸುಮ್ನೆ ಊಹೆ ಮಾಡಿದ್ದರು ಅಷ್ಟೆ. ಅಳಿಸೋಣ ಅಂತ ರಬ್ಬರ್ ತೆಗೆದೆ. ಆಮೇಲೆ ಹಾಗೇ ಬಿಟ್ಟು ವಾಪಸ್ ಕೊಟ್ಟು ಬಂದೆ.